ಪಟ್ಟಣ ಬಿಟ್ಟು ಎಲ್ಲಿ ನೆಲೆಸೋಣ?

(ಎರಡು ಜುಮಾಗಳ ಪ್ರವಚನದ ಸಾರ)

ಬೇಸಿಗೆ ಆಗಷ್ಟೇ ಶುರುವಾಗಿತ್ತು. ಜುಮಾ ಮುಗಿದು ಜನರೆಲ್ಲ ಚಪ್ಪಲಿ ಹುಡುಕುತ್ತಿದ್ದಾಗ ಒಬ್ಬರು ಬಂದು ಕೈ ಹಿಡಿದರು. ಬೆಂಗಳೂರಿನ ಮಸೀದಿಯೊಂದರಲ್ಲಿ ನಾನು ಒಂಬತ್ತು ವರ್ಷ ಇಮಾಮನಾಗಿದ್ದಾಗ ಫಜ್ರ್ ನಮಾಝಿಗೆ ಮೊದಲ ಸಾಲಿನಲ್ಲಿ ತಪ್ಪದೆ ಇರುತ್ತಿದ್ದವರು. ಬೈಕ್ ರಿಪೇರಿ ಗ್ಯಾರೇಜ್ ಇಟ್ಟುಕೊಂಡು ಮೂವರು ಮಕ್ಕಳನ್ನು ಓದಿಸುತ್ತಿರುವವರು. “ಹಝ್ರತ್, ಬೆಂಗಳೂರು ಸಾಕಾಗಿಹೋಯ್ತು. ಇಲ್ಲೇ ಹತ್ತಿರದಲ್ಲಿ ಎರಡು ಎಕರೆ ಅಡಿಕೆ ತೋಟ ನೋಡ್ಕೊಂಡು ಬಂದೆ. ಒಂದು ಸಣ್ಣ ಮನೇನೂ ಇದೆ. ಹಕ್ಕಿ ಸದ್ದು ಬಿಟ್ರೆ ಬೇರೆ ಸದ್ದೇ ಇಲ್ಲ. ತಿಂಗಳೊಳಗೆ ಮುಂಗಡ ಕೊಡ್ಬೇಕು. ದುಆ ಮಾಡಿ” ಎಂದರು.

ದುಆ ಮಾಡಿದೆ. ಆಮೇಲೆ ಮಸೀದಿಯ ಜಗಲಿಯ ಮೇಲೆ ಕೂರಿಸಿಕೊಂಡು ಮೂರು ಪ್ರಶ್ನೆ ಕೇಳಿದೆ. ತೋಟದ ಬಾವಿಯಲ್ಲಿ ಏಪ್ರಿಲ್ ಕೊನೆಗೆ ನೀರು ಎಷ್ಟಿರುತ್ತದೆ? ಪಕ್ಕದ ಜಮೀನಿನವರು ಯಾರು? ನಿಮ್ಮ ಅಮ್ಮನಿಗೆ ದಮ್ಮಿನ ತೊಂದರೆ ಇದೆ. ರಾತ್ರಿ ಎರಡು ಗಂಟೆಗೆ ಉಸಿರು ಕಟ್ಟಿದರೆ ಎಲ್ಲಿಗೆ ಕರೆದುಕೊಂಡು ಹೋಗುತ್ತೀರಿ? ಒಂದಕ್ಕೂ ಅವರಲ್ಲಿ ಉತ್ತರ ಇರಲಿಲ್ಲ. ಹಕ್ಕಿಯ ಸದ್ದು ಮಾತ್ರ ಚೆನ್ನಾಗಿ ನೆನಪಿತ್ತು.

ಅವರನ್ನು ದೂರುವಂತಿಲ್ಲ. ಮೂರನೇ ಮಹಡಿಯ ಬಾಡಿಗೆ ಮನೆ, ಲಿಫ್ಟ್ ಇಲ್ಲ. ಅಮ್ಮ ಕೆಳಗಿಳಿದು ತಿಂಗಳುಗಳೇ ಆಗಿವೆ. 2024ರ ಬೇಸಿಗೆಯಲ್ಲಿ ಬೋರ್‌ವೆಲ್‌ಗಳು ಬತ್ತಿ, ಟ್ಯಾಂಕರ್ ನೀರಿನ ದರವನ್ನು ಸರ್ಕಾರವೇ ನಿಗದಿ ಮಾಡಬೇಕಾಗಿ ಬಂದಾಗ ಈ ಮನೆಯವರು ವುಝೂಗೆ ಒಂದೊಂದು ಚೊಂಬು ಎಂದು ಲೆಕ್ಕ ಹಾಕಿದ್ದರು. ಇಂಥ ಮನೆಯಿಂದ ಬಂದವರಿಗೆ ಅಡಿಕೆ ತೋಟದ ನೆರಳು ಸ್ವರ್ಗದಂತೆ ಕಂಡರೆ ಅದು ಸಹಜ. ಇತ್ತೀಚೆಗೆ ಇದೇ ಪ್ರಶ್ನೆ ಹಿಡಿದು ಬರುವವರು ಹೆಚ್ಚಾಗಿದ್ದಾರೆ. ಗಲ್ಫ್‌ನಿಂದ ಮರಳಿದವರು, ನಿವೃತ್ತರಾದವರು, ಮಕ್ಕಳ ಕೆಮ್ಮಿಗೆ ಹೆದರಿದ ಎಳೆಯ ದಂಪತಿಗಳು. ಅದಕ್ಕೇ ಎರಡು ಜುಮಾಗಳಲ್ಲಿ ಈ ವಿಷಯವನ್ನೇ ಎತ್ತಿಕೊಂಡೆ.

ಊರು ಬಿಡುವುದು ತಪ್ಪೇ ಎಂದು ಕೆಲವರು ಕೇಳುತ್ತಾರೆ. ಹದೀಸ್‌ಗಳಲ್ಲಿ ಎರಡೂ ಬಗೆಯ ಮಾತು ಇದೆ. ತನ್ನ ದೀನನ್ನು ಉಳಿಸಿಕೊಳ್ಳಲು ಕುರಿಮಂದೆಯೊಂದಿಗೆ ಬೆಟ್ಟದ ತುದಿಗೆ, ಮಳೆ ಬೀಳುವ ಜಾಗಕ್ಕೆ ಹೋಗುವ ಕಾಲ ಬರುತ್ತದೆ ಎಂದು ಪ್ರವಾದಿ(ಸ) ತಿಳಿಸಿದ್ದನ್ನು ಬುಖಾರಿ ವರದಿ ಮಾಡಿದ್ದಾರೆ. ಜನರ ನಡುವೆ ಬೆರೆತು ಅವರ ಕಿರುಕುಳ ಸಹಿಸುವ ವಿಶ್ವಾಸಿಯು, ಬೆರೆಯದೆ ದೂರ ಇರುವವನಿಗಿಂತ ಮೇಲು ಎಂಬ ಅರ್ಥದ ಹದೀಸ್ ತಿರ್ಮಿದಿಯಲ್ಲಿದೆ. ಒಂದನ್ನು ಹಿಡಿದು ಇನ್ನೊಂದನ್ನು ಬಿಡುವ ಹಾಗಿಲ್ಲ. ಹೋಗುವುದಕ್ಕೆ ಅಡ್ಡಿಯಿಲ್ಲ, ಎಲ್ಲಿಗೆ ಹೇಗೆ ಹೋಗುತ್ತೀರಿ ಎಂಬುದನ್ನು ನೋಡಬೇಕು.

ಹಾಗೆ ನೋಡಿ ಆರಿಸಿಕೊಳ್ಳುವುದು ತವಕ್ಕುಲ್‌ಗೆ ವಿರುದ್ಧ ಎಂದುಕೊಳ್ಳುವವರೂ ಇದ್ದಾರೆ. ‘ಅಲ್ಲಾಹ್ ಎಲ್ಲಿ ಬರೆದಿದ್ದಾನೋ ಅಲ್ಲಿ’ ಎಂದು ಕೈ ಚೆಲ್ಲಿ, ದಲ್ಲಾಳಿ ತೋರಿಸಿದ ಮೊದಲ ಜಾಗಕ್ಕೇ ಸಹಿ ಹಾಕುತ್ತಾರೆ. ಶಾಮ್‌ನಲ್ಲಿ ಪ್ಲೇಗ್ ಹಬ್ಬಿದ ಸುದ್ದಿ ಕೇಳಿ ಹಝ್ರತ್ ಉಮರ್(ರ) ಸರ್ಗ್ ಎಂಬಲ್ಲಿಂದ ಹಿಂದಿರುಗಲು ತೀರ್ಮಾನಿಸಿದಾಗ ಹಝ್ರತ್ ಅಬೂ ಉಬೈದಾ(ರ) ಅವರಿಗೂ ಇದೇ ಪ್ರಶ್ನೆ ಬಂತು. ಉಮರ್(ರ) ಕೊಟ್ಟ ಉತ್ತರ ಒಂಟೆ ಮೇಯಿಸುವವನ ಲೆಕ್ಕಾಚಾರದ್ದು. ಕಣಿವೆಯ ಒಂದು ದಡ ಹಸಿರಾಗಿದೆ, ಇನ್ನೊಂದು ಒಣಗಿದೆ. ಹಸಿರು ಕಡೆಗೆ ಮೇಯಲು ಬಿಟ್ಟರೂ ಅದು ಅಲ್ಲಾಹನ ವಿಧಿಯಂತೆಯೇ, ಒಣ ಕಡೆಗೆ ಬಿಟ್ಟರೂ ಅವನ ವಿಧಿಯಂತೆಯೇ ಅಲ್ಲವೇ ಎಂದು ಕೇಳಿದರು. ನೋಡುವ ಕಣ್ಣು ಕೊಟ್ಟಿರುವವನೂ ಅವನೇ.

ಜಾಗ ಹುಡುಕಿದ ಹಿರಿಯರು

ಅದೇ ಉಮರ್(ರ) ಅವರ ಕಾಲದಲ್ಲಿ ಒಂದು ಇಡೀ ಸೈನ್ಯ ‘ನಮಗೆ ಈ ಊರು ಒಗ್ಗುತ್ತಿಲ್ಲ’ ಎಂದಿತು. ಇರಾಕಿನ ಮದಾಇನ್ ದೊಡ್ಡ ರಾಜಧಾನಿ. ಅರಮನೆ, ತೋಟ, ನದಿ ಎಲ್ಲ ಇದ್ದವು. ಆದರೆ ಮರುಭೂಮಿಯ ಗಾಳಿಗೆ ಹೊಂದಿಕೊಂಡಿದ್ದ ಅರಬರು ಅಲ್ಲಿ ಸೊರಗಿದರು, ಮೈಬಣ್ಣ ಬದಲಾಯಿತು. ಈ ಸುದ್ದಿ ಮದೀನಾ ತಲುಪಿದಾಗ, ಒಂಟೆಗಳಿಗೆ ಒಗ್ಗುವ ನೆಲವೇ ಈ ಜನರಿಗೂ ಒಗ್ಗುವುದು, ಅಂಥದನ್ನು ಹುಡುಕಿಸಿ ಎಂದು ಖಲೀಫರು ಬರೆದರು. ಹುಡುಕಲು ಹೊರಟವರು ಹಝ್ರತ್ ಸಲ್ಮಾನ್(ರ) ಮತ್ತು ಹಝ್ರತ್ ಹುದೈಫಾ(ರ). ಒಬ್ಬರು ಫುರಾತ್ ನದಿಯ ಈ ಕಡೆ, ಇನ್ನೊಬ್ಬರು ಆ ಕಡೆ. ಇಬ್ಬರೂ ಕೊನೆಗೆ ಬಂದು ಸೇರಿದ ಜಾಗ ಕೂಫಾ. ಹಿಜರಿ 17, ಕ್ರಿ.ಶ. 638.

ಆ ಊರು ಕಟ್ಟಿದ ಬಗೆಯನ್ನು ಇತಿಹಾಸಕಾರ ತಬರಿ ವಿವರವಾಗಿ ಕೊಟ್ಟಿದ್ದಾರೆ. ಮೊದಲು ಮಸೀದಿಯ ಜಾಗ ಗುರುತಿಸಿದರು. ಬಲಿಷ್ಠ ಬಿಲ್ಲುಗಾರನೊಬ್ಬನನ್ನು ನಡುವೆ ನಿಲ್ಲಿಸಿ ಬಾಣ ಬಿಡಿಸಿದರು; ಬಾಣ ಬಿದ್ದಲ್ಲಿಂದ ಆಚೆಗೆ ಮಾತ್ರ ಮನೆ ಕಟ್ಟಬೇಕು. ದೊಡ್ಡ ಬೀದಿಗೆ 40 ಮೊಳ, ಆಮೇಲಿನವಕ್ಕೆ 30, 20, ಗಲ್ಲಿಗೆ 7 ಮೊಳ. ಜೊಂಡಿನ ಗುಡಿಸಲುಗಳು ಬೆಂಕಿಗೆ ಆಹುತಿಯಾದ ಮೇಲೆ ಇಟ್ಟಿಗೆಯಲ್ಲಿ ಕಟ್ಟಲು ಅನುಮತಿ ಸಿಕ್ಕಿತು. ಅದೂ ಒಬ್ಬರಿಗೆ ಮೂರು ಕೋಣೆಗಿಂತ ಹೆಚ್ಚಿಲ್ಲದಂತೆ, ಎತ್ತರದ ಪೈಪೋಟಿ ಇಲ್ಲದಂತೆ. ನಮ್ಮ ಮಹಲ್ಲಾಗಳಲ್ಲಿ ಒಂದಡಿ ಮೋರಿಯನ್ನೂ ಬಿಡದೆ ಮೆಟ್ಟಿಲು ಚಾಚುವವರನ್ನು ಕಂಡಾಗಲೆಲ್ಲ ನನಗೆ ಆ 7 ಮೊಳದ ಗಲ್ಲಿ ನೆನಪಾಗುತ್ತದೆ.

ಅಬ್ಬಾಸಿ ಖಲೀಫ ಮನ್ಸೂರ್ 762ರಲ್ಲಿ ಬಗ್ದಾದ್ ಕಟ್ಟುವ ಮೊದಲು ಮಾಡಿದ ಕೆಲಸ ಇನ್ನೂ ಸರಳ. ಆ ಸುತ್ತಿನ ಹಳ್ಳಿಗಳಲ್ಲಿ ರಾತ್ರಿ ತಂಗಿ ಬರಲು ತನ್ನ ಜನರನ್ನು ಕಳಿಸಿದ. ಸೆಕೆ ಹೇಗೆ, ಚಳಿ ಹೇಗೆ, ಮಳೆಗೆ ಕೆಸರು ಎಷ್ಟು, ಹುಳಹುಪ್ಪಟೆ ಎಷ್ಟು ಎಂದು ಅಲ್ಲಿನವರನ್ನೇ ವಿಚಾರಿಸಿದ. ಸಾಮ್ರಾಜ್ಯದ ಒಡೆಯ ಇಷ್ಟು ಮಾಡಿದ. ನಾವು ಭಾನುವಾರ ಮಧ್ಯಾಹ್ನ ಕಾರಲ್ಲಿ ಹೋಗಿ, ತೋಟದಲ್ಲಿ ಬಿರಿಯಾನಿ ತಿಂದು, ಸಂಜೆ ಮುಂಗಡ ಕೊಟ್ಟು ಬರುತ್ತೇವೆ.

ಆದರೆ ಈ ವಿಷಯವನ್ನು ಶಾಸ್ತ್ರವಾಗಿ ಬರೆದಿಟ್ಟವರು ಇಬ್ನು ಖಲ್ದೂನ್. ಬಿ.ಎ.ಗೆ ಸಮಾಜಶಾಸ್ತ್ರ ಓದುವಾಗ ಅವರ ಹೆಸರು ಪಠ್ಯದ ಒಂದು ಸಾಲಿನಲ್ಲಿ ಬಂದು ಹೋಗಿತ್ತು. ಮದ್ರಸಾದಲ್ಲಿ ನನಗೆ ಪಾಠ ಹೇಳಿದ ಉಸ್ತಾದರ ಕಪಾಟಿನಲ್ಲಿ ಅವರ ‘ಮುಕದ್ದಿಮಾ’ ಗ್ರಂಥ ಇತ್ತು ಎಂದು ಆಮೇಲೆ ಗೊತ್ತಾಯಿತು. ಅವರದೇ ಬದುಕು ಈ ಪ್ರಶ್ನೆಗೆ ಒಂದು ಪಾಠ. ಹುಟ್ಟಿದ್ದು 1332ರಲ್ಲಿ, ತೂನಿಸ್ ನಗರದಲ್ಲಿ. ಹದಿಹರೆಯದಲ್ಲಿ ಮಹಾ ಪ್ಲೇಗ್ ಬಂದು ತಂದೆ ತಾಯಿ ಇಬ್ಬರನ್ನೂ ಕಳೆದುಕೊಂಡರು. ಮುಂದೆ ಒಬ್ಬ ಸುಲ್ತಾನನಿಂದ ಇನ್ನೊಬ್ಬ ಸುಲ್ತಾನನ ಬಳಿಗೆ ಓಡಾಟ, ನಡುವೆ ಸೆರೆಮನೆ. ನಗರಗಳ ರಾಜಕೀಯದಿಂದ ರೋಸಿಹೋಗಿ 1375ರಲ್ಲಿ ಹೆಂಡತಿ ಮಕ್ಕಳ ಸಮೇತ ಈಗಿನ ಅಲ್ಜೀರಿಯಾದ ಒಳನಾಡಿನಲ್ಲಿರುವ ಇಬ್ನು ಸಲಾಮಾ ಕೋಟೆಗೆ ಹೋಗಿ ನೆಲೆಸಿದರು. ಅಲ್ಲಿನ ಒಂದು ಬುಡಕಟ್ಟಿನವರು ಅವರಿಗೆ ಆಶ್ರಯವಾದರು. ಜಗತ್ತು ಇವತ್ತಿಗೂ ಓದುವ ಮುಕದ್ದಿಮಾದ ಮೊದಲ ಕರಡನ್ನು ಆ ಮೌನದಲ್ಲಿ ಐದು ತಿಂಗಳಲ್ಲಿ ಬರೆದು 1377ರಲ್ಲಿ ಮುಗಿಸಿದರು.

ಆಮೇಲೆ? ಕಾಯಿಲೆ ಬಿದ್ದರು. ಬರೆದದ್ದನ್ನು ತಿದ್ದಲು ಬೇಕಾದ ಗ್ರಂಥಗಳು ದೊಡ್ಡ ನಗರಗಳಲ್ಲಿ ಮಾತ್ರ ಇದ್ದವು. ಸುಮಾರು ನಾಲ್ಕು ವರ್ಷ ಕಳೆದು ತೂನಿಸ್‌ಗೆ ಮರಳಿದರು. ಕೊನೆಯ ಇಪ್ಪತ್ತು ಚಿಲ್ಲರೆ ವರ್ಷ ಅವರು ಬಾಳಿದ್ದು, 1406ರಲ್ಲಿ ತೀರಿಕೊಂಡದ್ದು ಕೈರೋದಂಥ ಮಹಾನಗರದಲ್ಲಿ. ಇದನ್ನು ಸೋಲು ಎಂದು ಓದಬೇಕಿಲ್ಲ. ಬದುಕಿನ ಒಂದು ಹೊತ್ತಿಗೆ ಹೊಂದಿದ ಜಾಗ ಇನ್ನೊಂದು ಹೊತ್ತಿಗೆ ಹೊಂದದೆ ಹೋಗಬಹುದು. ಊರು ಬಿಡುವವರು ಬೆಂಗಳೂರಿನ ಮನೆಯನ್ನೂ ಅಂಗಡಿಯನ್ನೂ ಒಂದೇ ಏಟಿಗೆ ಮಾರಿ ಹೋಗಬೇಡಿ ಎಂದು ನಾನು ಹೇಳುವುದು ಇದಕ್ಕೇ. ಮನೆ ಮಾರಿದ ಹಣವನ್ನು ಮತ್ತೆ ಅಂಥದೇ ಆಸ್ತಿಗೆ ಹಾಕದೆ ಹೋದರೆ ಅದರಲ್ಲಿ ಬರಕತ್ ಇರುವುದಿಲ್ಲ ಎಂಬ ಅರ್ಥದ ಹದೀಸ್ ಇಬ್ನು ಮಾಜಃ ಸಂಗ್ರಹದಲ್ಲಿದೆ. ಸೈಟು ಮಾರಿದ ಹಣ ಮದುವೆ, ಕಾರು, ಸಾಲ ಎಂದು ಎರಡೇ ವರ್ಷದಲ್ಲಿ ಕರಗಿದ್ದನ್ನು ನಾನೇ ನಾಲ್ಕಾರು ಮನೆಗಳಲ್ಲಿ ಕಂಡಿದ್ದೇನೆ.

ಊರು ಕಟ್ಟಲು ಎಂಥ ಜಾಗ ಬೇಕು ಎಂದು ಮುಕದ್ದಿಮಾದಲ್ಲಿ ಒಂದು ಅಧ್ಯಾಯವೇ ಇದೆ. ರಕ್ಷಣೆಯ ಗೋಡೆ, ಕೊಳೆತ ನೀರು ಮತ್ತು ಜೌಗಿನಿಂದ ದೂರದ ಶುದ್ಧ ಗಾಳಿ, ಹತ್ತಿರದಲ್ಲಿ ಸಿಹಿನೀರು, ದನಕರುಗಳಿಗೆ ಮೇವು, ಧಾನ್ಯಕ್ಕೆ ಹೊಲ, ಒಲೆಗೂ ಮನೆಗೂ ಮರ. ಕೂಫಾ, ಬಸ್ರಾ, ಕೈರವಾನ್ ಕಟ್ಟಿದವರು ಒಂಟೆಯ ಮೇವನ್ನಷ್ಟೇ ನೋಡಿ ಉಳಿದದ್ದನ್ನು ಕಡೆಗಣಿಸಿದರು ಎಂದು ಸಹಾಬಿಗಳ ಕಾಲದ ಊರುಗಳನ್ನೂ ಅವರು ಬಿಡದೆ ಟೀಕಿಸುತ್ತಾರೆ. ಕೂಫಾದ ಬಗ್ಗೆ ಅವರು ಸ್ವಲ್ಪ ಹೆಚ್ಚೇ ಕಠಿಣವಾದರು ಎಂದು ನನ್ನ ಅನಿಸಿಕೆ. ಆ ಊರು ಇವತ್ತಿಗೂ ಇದೆ.

ಗಾಬಿಸ್ ಎಂಬ ಊರಿನ ಜ್ವರದ ವಿಚಾರ ಅಲ್ಲೇ ಬರುತ್ತದೆ. ಅಲ್ಲಿ ಭೂಮಿ ಅಗೆಯುವಾಗ ಸೀಸದಿಂದ ಮುಚ್ಚಿದ ತಾಮ್ರದ ಪಾತ್ರೆ ಸಿಕ್ಕಿತು, ತೆರೆದಾಗ ಹೊಗೆ ಎದ್ದಿತು, ಆವತ್ತಿನಿಂದ ಜ್ವರ ಶುರುವಾಯಿತು ಎಂದು ಜನ ಹೇಳುತ್ತಿದ್ದರಂತೆ. ಇಬ್ನು ಖಲ್ದೂನ್ ಅದನ್ನು ಮೂಢ ಮಾತು ಎಂದು ತಳ್ಳಿಹಾಕಿ, ನಿಂತ ಗಾಳಿಯೇ ಕಾರಣ ಎಂದರು. ಮನೆ ಕೊಂಡ ಮೇಲೆ ಕಾಯಿಲೆ ಬಂದರೆ ತಾಯತ ಬರೆಸಲು ನನ್ನ ಬಳಿ ಬರುವವರಿಗೆ ನಾನು ಈ ಪಾತ್ರೆಯ ಕಥೆ ಹೇಳಿ, ಮೊದಲು ನೀರು ಪರೀಕ್ಷೆ ಮಾಡಿಸಿ ಎನ್ನುತ್ತೇನೆ.

ನೀರು, ದಾರಿ, ಕಾಗದ

ಆ ಅಧ್ಯಾಯವನ್ನು ನಮ್ಮ ನೆಲಕ್ಕೆ ತಂದು ನೋಡೋಣ. ಹಳ್ಳಿಯ ನೀರೆಲ್ಲ ಶುದ್ಧ ಎಂಬುದು ನಗರದವರ ಭ್ರಮೆ. ಕೋಲಾರ, ಚಿಕ್ಕಬಳ್ಳಾಪುರ, ಪಾವಗಡದ ಕಡೆ ಆಳದ ಬೋರ್‌ವೆಲ್ ನೀರಿನಲ್ಲಿ ಫ್ಲೋರೈಡ್ ಹೆಚ್ಚು. ಲೀಟರಿಗೆ 1.5 ಮಿಲಿಗ್ರಾಂ ದಾಟಿದ ನೀರನ್ನು ವರ್ಷಗಟ್ಟಲೆ ಕುಡಿದರೆ ಮಕ್ಕಳ ಹಲ್ಲಿನಲ್ಲಿ ಕಲೆ, ದೊಡ್ಡವರ ಮೂಳೆಯಲ್ಲಿ ನೋವು. ಅದು ನೋಡಲು ತಿಳಿಯಾಗಿಯೇ ಇರುತ್ತದೆ, ಪರೀಕ್ಷೆ ಮಾಡಿಸದೆ ಗೊತ್ತಾಗುವುದಿಲ್ಲ. ಇನ್ನು ಮಲೆನಾಡು ಎಂದರೆ ಕಾಯಿಲೆಯೇ ಇಲ್ಲ ಎಂದುಕೊಂಡವರು ಮಂಗನ ಕಾಯಿಲೆಯ ಬಗ್ಗೆ ಕೇಳಿ ತಿಳಿಯಬೇಕು. 1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಮೊದಲು ಗುರುತಿಸಿದ ಈ ಜ್ವರ ಉಣುಗಿನ ಕಡಿತದಿಂದ ಬರುತ್ತದೆ, ಚಳಿಗಾಲದಿಂದ ಬೇಸಿಗೆಯ ಕೊನೆಯವರೆಗೆ ಕಾಡಂಚಿನ ಹಳ್ಳಿಗಳನ್ನು ಕಾಡುತ್ತದೆ. ಹೆದರಿ ಓಡಬೇಕಿಲ್ಲ. ಅಲ್ಲಿ ತಲೆಮಾರುಗಳಿಂದ ಜನ ಬಾಳುತ್ತಿದ್ದಾರೆ. ಯಾವ ತಿಂಗಳಲ್ಲಿ ಕಾಡಿಗೆ ಹೋಗಬಾರದು ಎಂದು ಅವರಿಗೆ ಗೊತ್ತು, ನಿಮಗೆ ಗೊತ್ತಿಲ್ಲ. ವ್ಯತ್ಯಾಸ ಅಷ್ಟೇ.

ಮುಂದಿನದು ಆಸ್ಪತ್ರೆಯ ದಾರಿ. ಎದೆನೋವು ಬಂದವರಿಗೆ ಮೊದಲ ಗಂಟೆಯೇ ಮುಖ್ಯ. ಡಾ. ಪುನೀತ್ ರಾಜ್‌ಕುಮಾರ್ ಹೃದಯ ಜ್ಯೋತಿ ಯೋಜನೆ ಬಂದ ಮೇಲೆ ತಾಲ್ಲೂಕು ಆಸ್ಪತ್ರೆಗಳಲ್ಲೂ ಇಸಿಜಿ ತೆಗೆದು, ದೂರದ ತಜ್ಞರಿಗೆ ತೋರಿಸಿ, ರಕ್ತದ ಹೆಪ್ಪು ಕರಗಿಸುವ ದುಬಾರಿ ಇಂಜೆಕ್ಷನ್ನನ್ನು ಉಚಿತವಾಗಿ ಕೊಡುವ ವ್ಯವಸ್ಥೆ ಆಗಿದೆ. ಆದ್ದರಿಂದ ‘ಜಿಲ್ಲಾ ಆಸ್ಪತ್ರೆ ಎಷ್ಟು ದೂರ’ ಎಂಬುದಕ್ಕಿಂತ ‘ತಾಲ್ಲೂಕು ಆಸ್ಪತ್ರೆಗೆ ಮಳೆಗಾಲದ ರಾತ್ರಿ ಎಷ್ಟು ಹೊತ್ತು’ ಎಂದು ಕೇಳಿ. 108ಕ್ಕೆ ಕರೆ ಮಾಡಲು ಆ ತೋಟದಲ್ಲಿ ಮೊಬೈಲ್ ಸಿಗ್ನಲ್ ಇದೆಯೇ ಎಂದೂ ನೋಡಿ.

ಸಂಪಾದನೆಯ ಮಾತು ಸ್ವಲ್ಪ ಕಹಿ. ಅಡಿಕೆ ಸಸಿ ನೆಟ್ಟು ಫಸಲು ಕಾಣಲು ಐದಾರು ವರ್ಷ ಬೇಕು. ಬೆಳೆದ ತೋಟ ಕೊಂಡರೂ ಕೊಳೆ ರೋಗಕ್ಕೆ ಮಳೆ ನಡುವೆಯೇ ಬೋರ್ಡೋ ದ್ರಾವಣ ಹೊಡೆಸಬೇಕು, ಈಗ ಎಲೆಚುಕ್ಕಿ ರೋಗ ಬೇರೆ. ಮರ ಹತ್ತುವವರು ಸಿಗುವುದೇ ಕಷ್ಟ. ಇಬ್ನು ಖಲ್ದೂನ್ ಗಮನಿಸಿದ ಇನ್ನೊಂದು ವಿಷಯ ಇಲ್ಲಿ ಕೆಲಸಕ್ಕೆ ಬರುತ್ತದೆ: ದೊಡ್ಡ ಊರಿನಲ್ಲಿ ದಿನಬಳಕೆಯ ಧಾನ್ಯ ಅಗ್ಗ, ಸಣ್ಣ ಊರಿನಲ್ಲಿ ಅದೇ ತುಟ್ಟಿ. ತರಕಾರಿ ಹಳ್ಳಿಯಲ್ಲಿ ಅಗ್ಗ ಎಂದುಕೊಂಡು ಬಂದವರು ಸಂತೆಯ ದಿನ ಬಿಟ್ಟು ಉಳಿದ ದಿನ ಟೊಮೆಟೊ ದರ ಕೇಳಿ ಬೆಚ್ಚುವುದನ್ನು ಕಂಡಿದ್ದೇನೆ. ಅಗ್ಗವಾಗುವುದು ಬಾಡಿಗೆ. ಕೈಕಸುಬು ಇದ್ದವರು ಅದನ್ನು ಬಿಡದೆ ತರಬೇಕು, ತೋಟವನ್ನೇ ನಂಬಿ ಬರಬಾರದು.

ಮಕ್ಕಳ ಓದಿನ ವಿಷಯದಲ್ಲಿ ನಾನೇ ಎಡವಿದವನು. ಈ ಊರಿನ ಜಮಾಅತ್‌ನವರು ಕರೆದಾಗ ಮನೆ, ಸಂಬಳ, ಮದ್ರಸದ ಕೆಲಸ ಎಲ್ಲ ವಿಚಾರಿಸಿದೆ. ಪಿಯುಸಿ ವಿಜ್ಞಾನ ಇದೆಯೇ ಎಂದು ಕೇಳುವುದು ಮರೆತೆ. ಮಗಳು ಎರಡು ವರ್ಷ ದಿನಾ 22 ಕಿಲೋಮೀಟರ್ ಬಸ್ಸಿನಲ್ಲಿ ಹೋಗಿ ಬಂದಳು. ಬೆಳಗ್ಗೆ ಆರೂಮುಕ್ಕಾಲಿಗೆ ಅವಳು ಮಂಜಿನಲ್ಲಿ ಬಸ್ ಕಾಯುವಾಗ ನಾನು ಪಕ್ಕದಲ್ಲಿ ನಿಂತಿರುತ್ತಿದ್ದೆ, ಇಬ್ಬರೂ ಮಾತಾಡುತ್ತಿರಲಿಲ್ಲ. ಅವಳು ದೂರಲಿಲ್ಲ. ದೂರಿದ್ದರೆ ನನಗೆ ಹಗುರಾಗುತ್ತಿತ್ತು.

ಇನ್ನು ಕಾಗದಪತ್ರ. 2020ರ ಕಾಯ್ದೆ ತಿದ್ದುಪಡಿಯ ನಂತರ ಕೃಷಿಕರಲ್ಲದವರೂ ಕರ್ನಾಟಕದಲ್ಲಿ ಕೃಷಿ ಭೂಮಿ ಕೊಳ್ಳಬಹುದು. ದಲ್ಲಾಳಿಗಳ ಉತ್ಸಾಹಕ್ಕೆ ಇದೂ ಒಂದು ಕಾರಣ. ಪಹಣಿ, ಮ್ಯುಟೇಷನ್, ಋಣಭಾರ ಪತ್ರ ಇವು ಎಲ್ಲರೂ ಕೇಳುವಂಥವು. ಒಂದು ಸರ್ವೆ ನಂಬರಿನ ಭಾಗವನ್ನಷ್ಟೇ ಕೊಳ್ಳುವುದಾದರೆ 11ಇ ನಕ್ಷೆ ಬೇಕು. ಕೇಳದೆ ಬಿಡುವುದು ಇನ್ನೊಂದು: ಆ ಭೂಮಿ ಮೂಲದಲ್ಲಿ ಯಾರಿಗೆ ಸೇರಿದ್ದು? ಪರಿಶಿಷ್ಟ ಜಾತಿ, ಪಂಗಡದ ಬಡವರಿಗೆ ಸರ್ಕಾರ ಮಂಜೂರು ಮಾಡಿದ ಭೂಮಿಯನ್ನು ಸರ್ಕಾರದ ಅನುಮತಿ ಇಲ್ಲದೆ ಮಾರುವಂತಿಲ್ಲ ಎಂದು 1978ರ ಕಾಯ್ದೆ ಹೇಳುತ್ತದೆ. ಎಷ್ಟು ವರ್ಷ ಕಳೆದಿದ್ದರೂ ಅದನ್ನು ಮರಳಿ ಕೇಳಬಹುದು ಎಂದು 2023ರಲ್ಲಿ ತಿದ್ದುಪಡಿಯೂ ಆಗಿದೆ. ‘ಇದೆಲ್ಲ ಲಾಯರ್ ನೋಡ್ಕೋತಾರೆ’ ಎನ್ನುವವರಿಗೆ ನನ್ನ ಮಾತು ಬೇರೆ. ಅನ್ಯರ ಒಂದು ಗೇಣು ನೆಲವನ್ನು ಅನ್ಯಾಯವಾಗಿ ಪಡೆದವನ ಕೊರಳಿಗೆ ಏಳು ಭೂಮಿಗಳ ಭಾರ ಬೀಳುತ್ತದೆ ಎಂದು ಪ್ರವಾದಿ(ಸ) ಎಚ್ಚರಿಸಿದ್ದಾರೆ. ಮದೀನಾದಲ್ಲಿ ಮಸೀದಿಗೆ ಆರಿಸಿದ ಜಾಗ ಇಬ್ಬರು ಅನಾಥ ಹುಡುಗರದ್ದು. ಉಚಿತವಾಗಿ ಕೊಡುತ್ತೇವೆ ಎಂದರೂ ಬೆಲೆ ಕೊಟ್ಟೇ ಪಡೆದರು. ಮಸೀದಿಗೇ ಹಾಗಾದರೆ ನಮ್ಮ ಫಾರ್ಮ್‌ಹೌಸಿಗೆ ಹೇಗಿರಬೇಕು?

ಪಕ್ಕದವರು

ಇಷ್ಟೆಲ್ಲ ನೋಡಿದ ಮೇಲೂ ಒಂದು ಉಳಿಯುತ್ತದೆ. ಹಝ್ರತ್ ಇಬ್ರಾಹೀಮ್(ಅ) ತಮ್ಮ ಮಡದಿಯನ್ನೂ ಹಸುಗೂಸನ್ನೂ ಪೈರು ಬೆಳೆಯದ ಕಣಿವೆಯಲ್ಲಿ ಬಿಟ್ಟು ಮಾಡಿದ ದುಆ ಇಬ್ರಾಹೀಮ್ ಅಧ್ಯಾಯದಲ್ಲಿದೆ. ಅಲ್ಲಿ ಬರುವ ಕ್ರಮ ಗಮನಿಸಿ. ಮೊದಲು ಇವರು ನಮಾಝ್ ಸ್ಥಾಪಿಸಲಿ ಎಂಬ ಉದ್ದೇಶ. ಆಮೇಲೆ ಜನರ ಮನಸ್ಸು ಇವರ ಕಡೆ ಒಲಿಯಲಿ ಎಂಬ ಬೇಡಿಕೆ. ಹಣ್ಣು ಹಂಪಲಿನ ಬೇಡಿಕೆ ಆಮೇಲಿನದು. ನಾವು ತೋಟ ಹುಡುಕುವಾಗ ಈ ಕ್ರಮವನ್ನು ತಿರುಗಿಸಿಬಿಡುತ್ತೇವೆ. ಝಮ್‌ಝಮ್ ಉಕ್ಕಿದ ಮೇಲೆ ಜುರ್ಹುಮ್ ಬುಡಕಟ್ಟಿನವರು ಹಕ್ಕಿ ಸುತ್ತುವುದನ್ನು ಕಂಡು ನೀರಿದೆಯೆಂದು ಊಹಿಸಿ ಬಂದರು, ಇಲ್ಲಿ ಇರಬಹುದೇ ಎಂದು ಹಾಜರಾ(ಅ) ಅವರನ್ನು ಕೇಳಿದರು. ನೀರಿನ ಮೇಲೆ ನಿಮಗೆ ಹಕ್ಕಿಲ್ಲ ಎಂಬ ಷರತ್ತಿನ ಮೇಲೆ ಆ ತಾಯಿ ಒಪ್ಪಿದರು. ಅವರಿಗೆ ಜನರ ಒಡನಾಟ ಇಷ್ಟವಿತ್ತು ಎಂದು ಪ್ರವಾದಿ(ಸ) ಹೇಳಿದ್ದನ್ನು ಬುಖಾರಿ ದಾಖಲಿಸಿದ್ದಾರೆ. ಜಗತ್ತಿನ ಅತ್ಯಂತ ಪವಿತ್ರ ನೆಲದಲ್ಲಿ, ಕೈಗೆಟಕುವ ನೀರಿನ ಪಕ್ಕದಲ್ಲಿ ಇದ್ದವರಿಗೂ ನೆರೆಹೊರೆ ಬೇಕಿತ್ತು.

ನಮ್ಮ ಊರಿನಿಂದ 14 ಕಿಲೋಮೀಟರ್ ದೂರದಲ್ಲಿ ನಿವೃತ್ತ ದಂಪತಿ ಒಂದು ತೋಟ ಕೊಂಡು ಮೂರು ವರ್ಷ ಇದ್ದರು. ಒಳ್ಳೆಯವರು, ರಮಝಾನ್‌ನಲ್ಲಿ ಮಸೀದಿಗೆ ಹಣ್ಣು ಕಳಿಸುತ್ತಿದ್ದರು. ಅರ್ಧ ಕಿಲೋಮೀಟರ್ ಆಚೆ ಒಂದು ಗೌಡರ ಮನೆ. ಬೇಲಿಯ ವಿಷಯದಲ್ಲಿ ಮೊದಲ ವರ್ಷವೇ ಮಾತು ಬೆಳೆದು ಎರಡೂ ಮನೆಗಳ ನಡುವೆ ಹೋಗುಬರುವುದು ನಿಂತಿತ್ತು. ಒಂದು ಜುಲೈ ರಾತ್ರಿ ಯಜಮಾನರು ಕುಸಿದು ತೀರಿಕೊಂಡರು. ಕರೆಂಟಿಲ್ಲ, ಸಿಗ್ನಲ್ ಇಲ್ಲ, ಹಳ್ಳ ತುಂಬಿ ಕಾರು ದಾಟುವಂತಿಲ್ಲ. ಆ ತಾಯಿ ಟಾರ್ಚ್ ಹಿಡಿದು ಅದೇ ಗೌಡರ ಮನೆಯ ಬಾಗಿಲು ತಟ್ಟಿದರು. ಗೌಡರು, ಇಬ್ಬರು ಮಕ್ಕಳು ಟ್ರ್ಯಾಕ್ಟರ್ ತೆಗೆದು, ಟಾರ್ಪಲ್ ಹೊದಿಸಿ, ಹಳ್ಳ ದಾಟಿಸಿ ಫಜ್ರ್ ಹೊತ್ತಿಗೆ ಮಯ್ಯತ್ತನ್ನು ನಮ್ಮ ಮಸೀದಿಯ ಬಾಗಿಲಿಗೆ ತಂದರು. ಮೈಯೆಲ್ಲ ಕೆಸರು. ಜನಾಝಾ ಮುಗಿಯುವವರೆಗೆ ಗೌಡರು ಕಾಂಪೌಂಡಿನ ಹೊರಗೆ ಮಳೆಯಲ್ಲಿ ನಿಂತಿದ್ದರು. ಒಳಗೆ ಬನ್ನಿ ಎಂದರೆ, “ಬೇಲಿ ವಿಷಯದಲ್ಲಿ ಅವರ ಹತ್ರ ಒಂದು ಮಾತು ಆಡ್ಬಿಟ್ಟಿದ್ದೆ ಸಾಬ್ರೆ” ಎಂದಷ್ಟೇ ಹೇಳಿದರು.

ಜಿಬ್ರೀಲರು ನೆರೆಯವರ ಬಗ್ಗೆ ಎಷ್ಟು ಸಲ ಒತ್ತಿ ಹೇಳಿದರೆಂದರೆ, ಅವರಿಗೆ ಆಸ್ತಿಯಲ್ಲೂ ಪಾಲು ಬರಬಹುದು ಎಂದು ಪ್ರವಾದಿಯವರಿಗೆ(ಸ) ಅನಿಸಿತ್ತಂತೆ. ಈ ಹದೀಸ್ ಹೇಳಿದ ಹಝ್ರತ್ ಅಬ್ದುಲ್ಲಾ ಬಿನ್ ಅಮ್ರ್(ರ) ಮನೆಯಲ್ಲಿ ಆಡು ಕೊಯ್ದಾಗ ಮೊದಲು ಕೇಳಿದ್ದು ತಮ್ಮ ಯಹೂದಿ ನೆರೆಯವನಿಗೆ ಮಾಂಸ ಕಳಿಸಿದಿರಾ ಎಂದು. ನಮಗೆ ಮನೆ ಬಾಡಿಗೆಗೆ ಕೊಡದ ಬಡಾವಣೆಗಳಿವೆ, ಸುಳ್ಳೇಕೆ ಹೇಳಲಿ. ಹೆಸರು ಕೇಳಿದ ಮೇಲೆ ‘ಮನೆ ಆಗಲೇ ಹೋಯ್ತು’ ಎಂಬ ಉತ್ತರ ನನಗೂ ಬಂದಿದೆ. ಆ ನೋವಿನಿಂದ ‘ನಮ್ಮವರು ಮಾತ್ರ ಇರುವ ಕಡೆ’ ಹುಡುಕುವವರನ್ನು ನಾನು ಅರ್ಥ ಮಾಡಿಕೊಳ್ಳಬಲ್ಲೆ. ಆದರೂ ಮಸೀದಿಗೆ ನಡೆದು ಹೋಗುವಷ್ಟು ಹತ್ತಿರ, ಎಲ್ಲರೂ ಇರುವ ಬೀದಿ ಸಿಕ್ಕರೆ ಅದನ್ನೇ ಹಿಡಿಯಿರಿ ಎಂದು ನನ್ನ ಸಲಹೆ. ಮೂರು ಜನ ಇದ್ದರೂ ಜಮಾಅತ್ ಬಿಡಬೇಡಿ, ಗುಂಪು ಬಿಟ್ಟ ಕುರಿಯನ್ನೇ ತೋಳ ಹಿಡಿಯುವುದು ಎಂಬ ಅರ್ಥದ ಮಾತು ಅಬೂ ದಾವೂದ್ ಸಂಗ್ರಹದಲ್ಲಿದೆ. ಖಬರಸ್ತಾನ ಎಲ್ಲಿದೆ ಎಂದು ಕೇಳಲು ಜನ ನಾಚುತ್ತಾರೆ. ಕೇಳಿ. ಅಡುಗೆಮನೆ ಯಾವ ದಿಕ್ಕಿಗಿದೆ ಎಂದು ಕೇಳುವುದಕ್ಕಿಂತ ಅದು ಮುಖ್ಯ.

ಗ್ಯಾರೇಜಿನ ಸಹೋದರರು ಮುಂಗಡ ಕೊಡಲಿಲ್ಲ. ಗ್ಯಾರೇಜನ್ನು ತಮ್ಮನಿಗೆ ಒಪ್ಪಿಸಿ, ಜೂನ್‌ನಲ್ಲಿ ಮಕ್ಕಳ ಶಾಲೆ ಶುರುವಾಗುವ ಮೊದಲು ನಮ್ಮ ಊರಿನಲ್ಲೇ ಹನ್ನೊಂದು ತಿಂಗಳ ಕರಾರಿಗೆ ಬಾಡಿಗೆ ಮನೆ ಹಿಡಿದರು. ಬಸ್ ನಿಲ್ದಾಣದ ಹತ್ತಿರ ಒಂದು ಸಣ್ಣ ಶೆಡ್ಡಿನಲ್ಲಿ ಬೈಕ್ ರಿಪೇರಿ. ಜುಲೈನಲ್ಲಿ, ಮಾರುವವರ ಒಪ್ಪಿಗೆ ಪಡೆದು, ಆ ತೋಟದ ಮನೆಯಲ್ಲಿ ಎರಡು ರಾತ್ರಿ ಮಲಗಿ ಬಂದರು. ಕಾಲಿನ ತುಂಬ ಇಂಬಳ ಕಚ್ಚಿದ ಗುರುತು. ಎರಡನೇ ದಿನ ಮೋರಿ ಕಟ್ಟಿಕೊಂಡು ದಾರಿಯ ಮೇಲೆ ಮೊಣಕಾಲುದ್ದ ನೀರು. “ಹಕ್ಕಿ ಸದ್ದು ಕೇಳ್ಲೇ ಇಲ್ಲ ಹಝ್ರತ್, ಬರೀ ಮಳೆ ಸದ್ದು” ಎಂದು ನಕ್ಕರು. ತೋಟ ಬೇರೆಯವರ ಪಾಲಾಯಿತು.

ಅವರ ಅಮ್ಮ ಈಗ ನೆಲಮಹಡಿಯಲ್ಲಿದ್ದಾರೆ. ದಮ್ಮು ಪೂರ್ತಿ ಹೋಗಿಲ್ಲ, ಅಡಿಕೆ ಬೇಯಿಸುವ ಹೊಗೆಗೆ ಇಲ್ಲೂ ಕೆಮ್ಮು ಬರುತ್ತದೆ. ಆದರೆ ಅಸರ್ ನಂತರ ಹೊಸ್ತಿಲಲ್ಲಿ ಕೂರುತ್ತಾರೆ. ಎದುರು ಮನೆಯ ಅಜ್ಜಿ ಮೆಂತ್ಯ ಸೊಪ್ಪು ತಂದು ಪಕ್ಕದಲ್ಲಿ ಕೂತು ಬಿಡಿಸುತ್ತಾರೆ. ಕಳೆದ ವಾರ ನನ್ನನ್ನು ಕರೆಸಿ, “ತೋಟಗೀಟ ಬೇಡ. ಈ ಗಲ್ಲೀಲೇ ಯಾವ್ದಾದ್ರೂ ಮನೆ ಮಾರೋಕಿದ್ರೆ ಮಗನಿಗೆ ಹೇಳಿ” ಎಂದರು. ಗಲ್ಲಿಯ ಕೊನೆಗೆ ಒಂದು ಹಂಚಿನ ಮನೆ ಇದೆ. ಖಾತೆ ಇನ್ನೂ ತೀರಿಹೋದ ತಾತನ ಹೆಸರಿನಲ್ಲೇ ಇದೆಯಂತೆ, ಅವರಿಗೆ ಐದು ಜನ ಮಕ್ಕಳು. ಸೋಮವಾರ ಅವರೂ ನಾನೂ ಪುರಸಭೆಗೆ ಹೋಗಿ ವಿಚಾರಿಸಿ ಬರಬೇಕು.